ಕೆಮ್ಮಿನ ಪ್ರಬಂಧ

ಕಳೆದ ಆಷಾಢದಲ್ಲಿ ಅಕ್ಕನನ್ನು ಎಕ್ಸ್‌ರೇಗೆಂದು ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಮೊಬೈಲ್ ಅಂಗಡಿಯ ಮೇಲೆ ಆ ಲ್ಯಾಬು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪರದೆಯ ಆಚೆಯಿಂದ ಟೆಕ್ನಿಷಿಯನ್ ಹೇಳುವುದು ಕೇಳಿಸಿತು: "ಉಸಿರು ಎಳ್ಕೊಳ್ಳಿ ಅಮ್ಮಾ. ಹಿಡ್ಕೊಳ್ಳಿ. ಹಂಗೇ ಹಿಡ್ಕೊಳ್ಳಿ. ಬಿಡಿ." ಅಕ್ಕ ಹೊರಗೆ ಬಂದು "ಇಷ್ಟೇನಾ? ನಾನೇನೋ ಅನ್ಕೊಂಡಿದ್ದೆ" ಎಂದು ಸೆರಗು ಸರಿಮಾಡಿಕೊಂಡಳು. ನನಗೆ ಬೆಂಚಿನಿಂದ ಏಳಲು ಸ್ವಲ್ಪ ಹೊತ್ತು ಬೇಕಾಯಿತು.

ಆ ವರ್ಷದ ವಿಷಯವನ್ನು ನಾನು ಕೆಲವರಿಗೆ ಹೇಳಿದ್ದೇನೆ. ಪೂರ್ತಿ ಯಾರಿಗೂ ಹೇಳಿಲ್ಲ. ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ನಾನಾಗ ಒಂಬತ್ತನೇ ತರಗತಿ. ಎಂಬತ್ತರ ದಶಕದ ನಡುವಿನ ವರ್ಷ. ಚಿನ್ನದ ಗಣಿ ಇನ್ನೂ ನಡೆಯುತ್ತಿತ್ತು. ನಮ್ಮೂರು ಬಂಗಾರಪೇಟೆಯಿಂದ ಮೂರು ಮೈಲಿ. ಒಂದಿಷ್ಟು ರಾಗಿ ಹೊಲ, ಮೂರು ಹಸು. ಬೆಳಿಗ್ಗೆ ಅಪ್ಪ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಸ್ಟೇಷನ್ನಿಗೆ ಬಿಡುತ್ತಿದ್ದ. ಅಲ್ಲಿಂದ ಗಣಿಯ ಕಡೆ ಹೋಗುವ ರೈಲು. ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಶಾಲೆಗೆ ಹತ್ತು ನಿಮಿಷದ ನಡಿಗೆ. ದಾರಿಯ ಒಂದು ಪಕ್ಕ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ಗುಡ್ಡ. ಇನ್ನೊಂದು ಪಕ್ಕ ಗಣಿ ಕೆಲಸಗಾರರ ಸಾಲುಮನೆಗಳು. ಎಲ್ಲರೂ ಅದನ್ನು ಲೈನು ಎನ್ನುತ್ತಿದ್ದರು. ಆಷಾಢದ ಗಾಳಿಗೆ ದಿಬ್ಬದ ಪುಡಿ ಎದ್ದು ಲೈನಿನ ಮೇಲೆ ಕೂರುತ್ತಿತ್ತು. ಒಣಹಾಕಿದ ಬಟ್ಟೆಗಳೆಲ್ಲ ಒಂದೇ ಬಣ್ಣವಾಗುತ್ತಿದ್ದವು.

ಸರೋಜಿನಿ ಮಿಸ್ ಆ ಜೂನ್‌ನಲ್ಲಿ ಮೈಸೂರಿನಿಂದ ಬಂದವರು. ನಮಗೆ ಸಮಾಜ ವಿಜ್ಞಾನ. ಎರಡನೇ ವಾರದಲ್ಲೇ ಹೇಳಿದರು: "ಈ ವರ್ಷ ಒಬ್ಬೊಬ್ಬರೂ ಒಂದೊಂದು ಸಂಶೋಧನಾ ಪ್ರಬಂಧ ಬರೀತೀರಿ. ಪ್ರಶ್ನೆ ನಿಮ್ಮದು, ಉತ್ತರಾನೂ ನಿಮ್ಮದು. ಗೈಡಿನಿಂದ ಇಳಿಸಿದ್ರೆ ಹರಿದು ಕೈಗೆ ಕೊಡ್ತೀನಿ."

ಹಿಂದಿನ ಬೆಂಚಿನಿಂದ ಯಾರೋ "ಮಿಸ್, ಪ್ರಶ್ನೆ ಸಿಗ್ಲಿಲ್ಲ ಅಂದ್ರೆ ಬರೀ ಉತ್ತರ ಬರೀಬೋದಾ?" ಎಂದರು. ಮಿಸ್ ಕೂಡ ನಕ್ಕರು.

ನನಗೆ ಪ್ರಶ್ನೆ ರೈಲಿನಲ್ಲೇ ಸಿಕ್ಕಿತ್ತು. ಪಾಳಿ ಮುಗಿಸಿ ಹತ್ತುವ ಗಂಡಸರ ಕೆಮ್ಮು ನಮ್ಮೂರಿನ ಕೆಮ್ಮಿನಂತಿರಲಿಲ್ಲ. ನಮ್ಮೂರಲ್ಲಿ ಕೆಮ್ಮಿದರೆ ಕಫ ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಇವರದು ಏನೂ ಬಾರದ ಒಣ ಕೆಮ್ಮು. ಸೀಟಿನ ಕಂಬಿ ಹಿಡಿದುಕೊಂಡು, ಕತ್ತಿನ ನರ ಉಬ್ಬಿಸಿ, ಒಂದು ಸ್ಟೇಷನ್ನಿನಿಂದ ಇನ್ನೊಂದರವರೆಗೂ ಕೆಮ್ಮುತ್ತಿದ್ದರು. ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದೆ: ಗಣಿಯೊಳಗೆ ಇಳಿಯುವವರಿಗೆ ಕೆಮ್ಮು ಎಷ್ಟು ವರ್ಷಕ್ಕೆ ಶುರುವಾಗುತ್ತದೆ?

ಮನೆಯಲ್ಲಿ ಹೇಳಿದಾಗ ಅಪ್ಪ ಹಸುವಿನ ಕೆಚ್ಚಲು ತೊಳೆಯುತ್ತಿದ್ದ. "ಯಾರ್ದೋ ಕೆಮ್ಮು ಬರ್ಕೊಂಡ್ ಬಂದ್ರೆ ಮಾರ್ಕ್ ಕೊಡ್ತಾರೇನಮ್ಮಣ್ಣೀ? ಅಂಗಾರೆ ನಮ್ ಗೌರೀನೂ ಮೂರ್ ದಿನದಿಂದ ಕೆಮ್ತಾವ್ಳೆ. ಅದ್ನೂ ಬರ್ಕೋ, ಇನ್ನೆರಡು ಜಾಸ್ತಿ ಬತ್ತದೆ" ಎಂದ. ಗೌರಿ ನಮ್ಮ ಹಸು.

ಲೈನಿನಲ್ಲಿ ಹೆಚ್ಚಿನವರ ಮನೆಮಾತು ತಮಿಳು. ನನಗೆ ಅದು ಅಷ್ಟಕ್ಕಷ್ಟೆ. ಸೆಲ್ವಿ ಇಲ್ಲದಿದ್ದರೆ ನಾನು ಎರಡನೇ ಮನೆಗೂ ಹೋಗುತ್ತಿರಲಿಲ್ಲ. ಅವಳು ನಮ್ಮದೇ ಶಾಲೆ, ನನ್ನದೇ ತರಗತಿ, ಆದರೆ ತಮಿಳು ವಿಭಾಗ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಥ್ರೋಬಾಲ್ ತಂಡದಲ್ಲಿ ಇಬ್ಬರೂ ಪಕ್ಕಪಕ್ಕ ನಿಲ್ಲುತ್ತಿದ್ದೆವು. "ನಿನ್ ಪ್ರಬಂಧಕ್ಕೆ ಬಾಯಿ ನಾನು, ಕೈ ನೀನು" ಎಂದಳು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮನೆಯಿಂದ ಮನೆಗೆ ಹೋದೆವು. ಕೆಲವರು ಚಾ ಕೊಟ್ಟರು. ಕೆಲವರು "ನಿಂಗೆ ಯಾಕೆ ಪಾಪಾ ಇದೆಲ್ಲ, ಹೋಗಿ ಆಟ ಆಡು" ಎಂದರು. ಹೆಸರು ಕೇಳಿದರೆ ಹಲವರು ಮೊದಲು ಒಂದು ನಂಬರು ಹೇಳಿ, ಆಮೇಲೆ ನೆನಪಾದವರಂತೆ ಹೆಸರು ಹೇಳುತ್ತಿದ್ದರು. ನಾನು ಎರಡನ್ನೂ ಬರೆದುಕೊಂಡೆ. ಅವರೇಕೆ ಹಾಗೆ ಹೇಳುತ್ತಾರೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಅಷ್ಟೊಂದು ಪ್ರಶ್ನೆ ಕೇಳಿದವಳು ಆ ಒಂದನ್ನು ಕೇಳಲಿಲ್ಲ.

ನಂಬರು ಬಿಲ್ಲೆಯದು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಕೊರೆದ ನಾಲ್ಕು ಅಂಕಿ. ಇಳಿಯುವಾಗ ಟೈಮ್ ಆಫೀಸಿನ ಕಿಟಕಿಯಲ್ಲಿ ತೆಗೆದುಕೊಳ್ಳಬೇಕು, ಮೇಲೆ ಬಂದಾಗ ಹಿಂದಿರುಗಿಸಬೇಕು. ನಾನು ತಿಳಿದುಕೊಂಡದ್ದು ಇಷ್ಟೆ.

ಪ್ರಬಂಧ ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಹದಿನೈದು ಇಪ್ಪತ್ತು ವರ್ಷ ಕೆಲಸ ಮಾಡಿದವರೆಲ್ಲ ಕೆಮ್ಮುತ್ತಿದ್ದರು. ಆದರೆ ವರ್ಷಕ್ಕೊಮ್ಮೆ ಗಣಿಯವರು ತೆಗೆಯುವ ಎಕ್ಸ್‌ರೇಯಲ್ಲಿ ತಮ್ಮ ಎದೆ ಸರಿಯಾಗಿದೆ ಎಂದೇ ಕೆಲವರು ಹೇಳುತ್ತಿದ್ದರು. ಅದು ಹೇಗೆ ಎಂದು ಮಿಸ್ ಕೇಳಿದರು. "ಅಲ್ಲೇ ಇದೆ ನೋಡು ನಿನ್ನ ಪ್ರಬಂಧ" ಎಂದರು.

ಉತ್ತರ ಹೇಳಿದವರು ಸೆಲ್ವಿಯ ಅಪ್ಪ ಮುನಿಸ್ವಾಮಿ. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಇಪ್ಪತ್ತೆರಡು ವರ್ಷ ಒಳಗೆ ಇಳಿದವರು. ಸಣ್ಣ ಆಳು. ನಾಲ್ಕು ಮಾತಾಡಿದರೆ ಒಮ್ಮೆ ನಿಲ್ಲಿಸಿ ಹೊಸ್ತಿಲಿನ ಮೇಲೆ ಕೈ ಊರುತ್ತಿದ್ದರು. ಆ ಮಧ್ಯಾಹ್ನ ಪಕ್ಕದ ಮನೆಯ ದಾಸು ಕೂಡ ಇದ್ದ. ಇಪ್ಪತ್ತೈದರ ಆಸುಪಾಸು, ಗಣಿಗೆ ಸೇರಿ ಎರಡು ವರ್ಷ, ಹೊಸದಾಗಿ ಮದುವೆಯಾಗಿದ್ದ.

ನಾನು ಎಕ್ಸ್‌ರೇ ವಿಷಯ ಕೇಳಿದೆ. ಮುನಿಸ್ವಾಮಿ ನಕ್ಕರು. "ನಾನು ಎಕ್ಸ್‌ರೇಗೆ ಹೋಗಿ ಎರಡು ವರ್ಷ ಆಯ್ತು ಪಾಪಾ. ನನ್ ಬಿಲ್ಲೆ ಹೋಗುತ್ತೆ, ನಾನು ಹೋಗಲ್ಲ."

ನನಗೆ ಅರ್ಥವಾಗಲಿಲ್ಲ. ದಾಸು ತನ್ನ ಎದೆ ತಟ್ಟಿಕೊಂಡು ತೋರಿಸಿದ. "ಆಫೀಸಲ್ಲಿರೋ ಅಣ್ಣನ ಫೋಟೋ ಇದು. ನನ್ನೆದೆ ಸವ್ದು ಹೋಗ್ತಾ ಐತೆ ಅಣ್ಣಾ, ಮುಂದಿನ ಸಾರಿ ಬೇರೆಯೋರದ್ದು ನೋಡ್ಕೋ."

ಎಕ್ಸ್‌ರೇ ಕೋಣೆಯಲ್ಲಿ ಬಿಲ್ಲೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಎದೆ ಕೆಟ್ಟವನು ಕಿಟಕಿಯಲ್ಲಿ ತೆಗೆದುಕೊಂಡ ಬಿಲ್ಲೆ ಹಿಡಿದುಕೊಂಡು ಎದೆ ಚೆನ್ನಾಗಿರುವವನು ಹೋಗಿ ನಿಲ್ಲುತ್ತಾನೆ. "ನಂಗೆ ಉಸಿರು ಹಿಡ್ಕೋ ಅಂದ್ರೆ ಹಿಡಿಯಕ್ಕಾಗಲ್ಲ. ಅಲ್ಲೇ ಗೊತ್ತಾಗ್ಬಿಡುತ್ತೆ" ಎಂದರು ಮುನಿಸ್ವಾಮಿ. ಗೊತ್ತಾದರೆ ಒಳಗಿನ ಕೆಲಸದಿಂದ ತೆಗೆಯುತ್ತಾರೆ. ಕೆಲಸ ಹೋದರೆ ಲೈನಿನ ಮನೆ ಹೋಗುತ್ತದೆ. ಮನೆ ಹೋದರೆ ಹೆಂಡತಿಯ ತವರು, ಕುಪ್ಪಂ ಕಡೆಯ ಒಂದು ಹಳ್ಳಿ, ಅಲ್ಲಿ ಹೈಸ್ಕೂಲಿಲ್ಲ. "ಇವ್ಳು ಎಸ್ಸೆಸ್ಸೆಲ್ಸಿ ಮುಗಿಸ್ಲಿ. ಇನ್ನು ಒಂದೂವರೆ ವರ್ಷ. ಅಷ್ಟು ಕೆಮ್ಮಿದ್ರೆ ಸಾಕು."

ಸೆಲ್ವಿ ನೆಲ ನೋಡುತ್ತಿದ್ದಳು.

"ಇದನ್ನ ಬರೀಲಾ ಮಾಮ?" ಎಂದು ಕೇಳಿದೆ.

ಅವರು ದಾಸುವಿನ ಮುಖ ನೋಡಿದರು. "ಬರ್ಕೋ. ನಮ್ ವಿಷಯ ಯಾರು ಬರೀತಾರೆ? ಆದ್ರೆ ಪೇರು ಬೇಡ. ನಂದೂ ಬೇಡ, ದಾಸುದೂ ಬೇಡ."

"ಹೆಸರು ಬರೆಯಲ್ಲ ಮಾಮ. ಆಣೆ" ಎಂದೆ.

ಮಿಸ್ಸೂ ಅದನ್ನೇ ಹೇಳಿದರು. ಸಂಶೋಧನೆಯಲ್ಲಿ ಮಾಹಿತಿ ಕೊಟ್ಟವರ ಹೆಸರು ಮುಚ್ಚಿಡಬೇಕು, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡು. ದಸರಾ ರಜೆಯಲ್ಲಿ ಊರಿನಲ್ಲಿ ಕೂತು ಮೂವತ್ತೆರಡು ಪುಟದ ಪ್ರಬಂಧವನ್ನು ನೀಟಾಗಿ ಬರೆದೆ. ಎಲ್ಲ ಹೆಸರುಗಳನ್ನೂ ತೆಗೆದುಹಾಕಿದೆ. ಸಂಖ್ಯೆ ಬೇಕಲ್ಲ; ನೋಟುಬುಕ್ಕಿನಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದು ಸಂಖ್ಯೆ ಇದ್ದೇ ಇತ್ತು. ಬಿಲ್ಲೆಯ ನಂಬರನ್ನೇ ಹಾಕಿದೆ.

ನಮ್ಮೂರಿನಲ್ಲಿ ಹಸುವಿಗೂ ಹೆಸರಿತ್ತು. ನಂಬರು ಇದ್ದದ್ದು ರೇಷನ್ ಕಾರ್ಡಿಗೆ, ಸರ್ವೆ ಕಲ್ಲಿಗೆ, ಬಸ್ಸಿಗೆ. ಯಾರ ರೇಷನ್ ಕಾರ್ಡಿನ ನಂಬರೂ ಯಾರಿಗೂ ನೆನಪಿರುತ್ತಿರಲಿಲ್ಲ. ನಂಬರು ಹಾಕಿದರೆ ಮನುಷ್ಯ ಅಡಗುತ್ತಾನೆ ಎಂದು ನಾನು ನಂಬಿದ್ದೆ. ಮೈಸೂರಿನವರಾದ ಮಿಸ್ ಆ ನಾಲ್ಕು ಅಂಕಿಗಳನ್ನು ನೋಡಿ, ನಾನೇ ಮಾಡಿಕೊಂಡ ಕ್ರಮ ಎಂದುಕೊಂಡರು. "ತುಂಬಾ ಅಚ್ಚುಕಟ್ಟು ರತ್ನ" ಎಂದು ಅಂಚಿನಲ್ಲಿ ಬರೆದರು.

ಜನವರಿಯಲ್ಲಿ ಶಾಲೆಯ ವಸ್ತುಪ್ರದರ್ಶನ. ಪ್ರಬಂಧಗಳನ್ನು ಒಂದು ಉದ್ದದ ಮೇಜಿನ ಮೇಲೆ ತೆರೆದಿಟ್ಟಿದ್ದರು. ನನ್ನದನ್ನು ಮಿಸ್ ಪಟ್ಟಿಯ ಪುಟಕ್ಕೆ ತೆರೆದಿಟ್ಟರು. ಎಡಗಡೆ ನಂಬರು, ಆಮೇಲೆ ಕೆಲಸ ಮಾಡಿದ ವರ್ಷ, ಕೆಮ್ಮು ಶುರುವಾದ ವರ್ಷ, ಕೊನೆಯಲ್ಲಿ ಎಕ್ಸ್‌ರೇ. ಸಂಜೆ ಗಣಿಯ ಆಸ್ಪತ್ರೆಯ ಡಾಕ್ಟರು ಅತಿಥಿಯಾಗಿ ಬಂದರು. ಅವರ ಜೊತೆ ನಡೆಯುತ್ತಿದ್ದವರು ಟೈಮ್ ಆಫೀಸಿನ ಗುಮಾಸ್ತರು, ನಮ್ಮ ತರಗತಿಯ ಒಬ್ಬಳ ತಂದೆ. ದುಂಡು ಮುಖ, ಮಾತಿಗೊಮ್ಮೆ ನಗು. ದಿನಾ ಕಿಟಕಿಯಲ್ಲಿ ಬಿಲ್ಲೆ ಕೊಡುವವರು ಅವರೇ.

ಅವರು ನನ್ನ ಪಟ್ಟಿಯ ಮೇಲೆ ಬಗ್ಗಿದರು. ಬೆರಳು ಎಡಗಡೆಯ ಸಾಲಿನ ಮೇಲಿನಿಂದ ಕೆಳಗೆ ಸರಿಯಿತು. ಮುಖ ಅರಳಿತು.

"ಅರೆ! ಇದು ನಮ್ ಏಳುಮಲೈ. ಇದು ಉರಿಗಾಂ ಗೋವಿಂದ. ಇದು ಯಾರು... ಆಂ, ನಮ್ ಕುಳ್ಳ ಅಂತೋಣಿ! ಮೂವತ್ತೊಂದು ಹದಿನೆಂಟು, ಇದು ಮುನಿಸಾಮಿ ಕದಾ! ಸಾರ್, ಎಲ್ಲಾ ನಮ್ಮೋರೇ ಸಾರ್!"

ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಪರಿಚಯದವರ ಫೋಟೋ ಆಲ್ಬಂ ಸಿಕ್ಕವರಂತೆ ಒಂದೊಂದೇ ಹೆಸರು ಹೇಳುತ್ತಾ ಹೋದರು. ಒಂದೂ ತಪ್ಪಲಿಲ್ಲ. ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು. ಅವರ ಕಣ್ಣು ಎಡಗಡೆಯ ಸಾಲಿನಲ್ಲಿರಲಿಲ್ಲ, ಕೊನೆಯ ಸಾಲಿನಲ್ಲಿತ್ತು. ೩೧೧೮ರ ಮುಂದೆ ನಾನು ದುಂಡು ಅಕ್ಷರದಲ್ಲಿ ಬರೆದಿದ್ದೆ: ಎರಡು ವರ್ಷದಿಂದ ಇವರ ಬದಲು ಪಕ್ಕದ ಮನೆಯವರು ನಿಂತಿದ್ದಾರೆ. ಗುಮಾಸ್ತರೂ ಅದನ್ನು ಓದಿದರು. ಬೆರಳು ನಿಂತಿತು, ನಗು ನಿಂತಿತು.

"ಇದನ್ನ ಎರಡು ದಿನ ಕೊಡ್ತೀರಾ ಮೇಡಂ? ಓದಿ ಕಳಿಸ್ತೀನಿ" ಎಂದರು ಡಾಕ್ಟರು.

ಅರ್ಧ ಗಂಟೆಯ ನಂತರ ಮೊದಲ ಬಹುಮಾನ ನನ್ನದೆಂದು ಹೇಳಿದರು. ಸೆಲ್ವಿ ತಮಿಳು ವಿಭಾಗದ ಸಾಲಿನಿಂದ ಓಡಿಬಂದಳು. "ಫಸ್ಟಾ? ಮೈಕಲ್ಲಿ ನನ್ ಪೇರು ಹೇಳ್ಳೇ ಇಲ್ಲ, ಮೋಸಗಾತಿ" ಎಂದು ಬೆನ್ನಿಗೆ ಗುದ್ದಿದಳು. ಗುಮಾಸ್ತರ ಬೆರಳು ಸರಿದದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಏನು ನಡೆಯಿತೆಂದು ನನಗೆ ಆಗಲೇ ಗೊತ್ತಾಗಿತ್ತು ಎಂದು ಕಾಣುತ್ತದೆ. ಗೊತ್ತಾಗಿಲ್ಲ ಎಂದುಕೊಂಡು ರೈಲು ಹತ್ತಿದೆ.

ನಾಲ್ಕನೇ ದಿನ ಮಿಸ್ ನನ್ನನ್ನು ಕರೆದುಕೊಂಡು ಗಣಿಯ ಆಸ್ಪತ್ರೆಯ ಆಫೀಸಿಗೆ ಹೊರಟರು. ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತರು. ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ರತ್ನ, ತಪ್ಪು ನನ್ನದೂ ಇದೆ. ಆ ನಂಬರು ಏನು ಅಂತ ನಾನು ಕೇಳಬೇಕಿತ್ತು. ಈಗ ಕೇಳು. ಮುನಿಸ್ವಾಮಿಯವರನ್ನ, ಆ ಇನ್ನೊಬ್ಬರನ್ನ ಇವತ್ತು ಮಧ್ಯಾಹ್ನ ಕರೆಸ್ತಾರಂತೆ. ಅದಕ್ಕೆ ಮುಂಚೆ ನಿನ್ನ ಕೇಳ್ತಾರೆ. ನೀನು, ಇದು ನಾನೇ ಕಟ್ಟಿ ಬರೆದದ್ದು ಅಂದ್ರೆ ಅಲ್ಲಿಗೆ ಮುಗಿಯಬಹುದು. ನಾನೂ ಹೌದು ಅಂತೀನಿ. ಬಹುಮಾನ ವಾಪಸ್ ಹೋಗುತ್ತೆ. ಸುಳ್ಳು ಬರೆದ ಹುಡುಗಿ ಅಂತ ಸ್ವಲ್ಪ ದಿನ ಅಂತಾರೆ. ಇದನ್ನ ಒಬ್ಬ ಟೀಚರ್ ಹೇಳಿಕೊಡಬಾರದು. ಆದ್ರೂ ಹೇಳ್ತಿದೀನಿ. ಆಗುತ್ತಾ?"

"ಆಗುತ್ತೆ ಮಿಸ್" ಎಂದೆ. ದಾರಿಯುದ್ದಕ್ಕೂ ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ನಡೆದೆ. ನಾನೇ ಕಟ್ಟಿದ್ದು ಸರ್. ನಾನೇ ಕಟ್ಟಿದ್ದು.

ಆಫೀಸಿನಲ್ಲಿ ಡಾಕ್ಟರು ಮೇಜಿನ ಹಿಂದೆ ಕೂತಿದ್ದರು, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬರು. ನನ್ನ ಪ್ರಬಂಧ ಮೇಜಿನ ಮೇಲಿತ್ತು. ಪುಟಗಳ ನಡುವೆ ಗುರುತಿಗೆಂದು ಕಾಗದದ ಚೂರುಗಳನ್ನು ಸಿಕ್ಕಿಸಿದ್ದರು. ಅಷ್ಟು ಜಾಗ್ರತೆಯಿಂದ ನನ್ನ ಬರಹವನ್ನು ಅದುವರೆಗೆ ಯಾರೂ ಓದಿರಲಿಲ್ಲ. ನನಗೆ ಕುರ್ಚಿ ಕೊಟ್ಟರು.

"ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತಮ್ಮ" ಎಂದರು. "ನಮ್ಮಲ್ಲಿ ಯಾರೂ ಹೀಗೆ ಮನೆಮನೆಗೆ ಹೋಗಿ ಕೇಳಿಲ್ಲ. ನಿಜ ಹೇಳು, ಇದು ಒಂಬತ್ತನೇ ಕ್ಲಾಸಿನ ಹುಡುಗಿ ಬರೆದ ಹಾಗಿಲ್ಲ. ನೀನೇ ಕೇಳಿ ಬರೆದದ್ದಾ? ಇಲ್ಲ, ನಿಮ್ಮ ಟೀಚರ್ ಬರೆಸಿದ್ದಾ?"

ನಾನು ಬೇರೆ ಪ್ರಶ್ನೆಗೆ ಸಿದ್ಧವಾಗಿ ಬಂದಿದ್ದೆ. ಮೂರು ತಿಂಗಳ ಶನಿವಾರಗಳು, ದಸರಾ ರಜೆಯಿಡೀ ಬಗ್ಗಿ ಬರೆದು ನೋವಾದ ಕತ್ತು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು.

"ನಾನೇ ಕೇಳಿ ಬರೆದದ್ದು ಸರ್. ಒಂದೂ ಕಟ್ಟಿ ಬರೆದದ್ದಲ್ಲ."

ಪಕ್ಕದಲ್ಲಿದ್ದವರು ಅದನ್ನು ಬರೆದುಕೊಂಡರು. ಪೆನ್ನಿನ ಸದ್ದು ಕೇಳಿಸಿತು. ನಾನು ಮಿಸ್ ಕಡೆ ತಿರುಗಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಅಂದ್ರೆ..." ಎಂದು ನಾನು ಮತ್ತೆ ಬಾಯಿ ತೆರೆದೆ. ಡಾಕ್ಟರು "ಭಯ ಬೇಡಮ್ಮ. ನೀನು ಯಾವ ತಪ್ಪೂ ಮಾಡಿಲ್ಲ" ಎಂದರು. ನಾನು ಕುರ್ಚಿಯಿಂದ ಎದ್ದೆ.

ಹಿಂದಿರುಗುವಾಗ ಮಿಸ್ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಅಂದೇ ಅಲ್ಲ, ಆಮೇಲೂ ಆ ಮಾತನ್ನು ಅವರು ಎತ್ತಲಿಲ್ಲ. ವರ್ಷದ ಕೊನೆಗೆ ವರ್ಗ ಮಾಡಿಸಿಕೊಂಡು ಹೋದರು.

ಮುನಿಸ್ವಾಮಿಯವರನ್ನು ಈ ಸಾರಿ ಮುಖ ನೋಡಿಯೇ ಎಕ್ಸ್‌ರೇಗೆ ನಿಲ್ಲಿಸಿದರು. ಎದೆ ಕಪ್ಪಗೆ ಕಾಣಬೇಕಾದ ಕಡೆ ಫಿಲ್ಮು ಪೂರ್ತಿ ಬೆಳ್ಳಗಿತ್ತಂತೆ. ಎದೆಯ ಕಾರಣಕ್ಕೆ ಅಲ್ಲ, ಬಿಲ್ಲೆ ಬದಲಾಯಿಸಿದ ಕಾರಣಕ್ಕೆ ಅವರ ಹೆಸರು ಹೊಡೆದುಹಾಕಿದರು, ದಾಸುದೂ. ನಿಯಮ ಇದ್ದದ್ದು ಹಾಗೆ. ದಾಸು ಮರುವಾರವೇ ಹೆಂಡತಿಯೊಂದಿಗೆ ಎಲ್ಲಿಗೋ ಹೊರಟುಹೋದ. ಲೈನಿನ ನಲ್ಲಿಯ ಹತ್ತಿರ ನಾನು ಹಾದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಅಪ್ಪ "ಪ್ರೈಜ್ ಬಂದೈತೆ ಅಂತಾರೆ, ಮೊಕ ಯಾಕಮ್ಮಣ್ಣೀ ಇಂಗಿಕ್ಕೊಂಡಿದ್ದೀಯ?" ಎಂದು ಕೇಳಿದ. ಹೊಟ್ಟೆನೋವು ಎಂದೆ.

ಫೆಬ್ರವರಿಯಲ್ಲಿ ಒಂದು ಶನಿವಾರ ಧೈರ್ಯ ಮಾಡಿ ಸೆಲ್ವಿಯ ಮನೆಗೆ ಹೋದೆ. ಅವಳೂ ಅವಳ ಅಮ್ಮನೂ ಇರಲಿಲ್ಲ. ಮುನಿಸ್ವಾಮಿ ಹೊಸ್ತಿಲಿನ ಮೇಲೆ ಕೂತು ಮಂಚದ ಹಗ್ಗ ಬಿಚ್ಚುತ್ತಿದ್ದರು. ನಾನು ಅಳುತ್ತಾ ನಿಂತೆ. ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನೀ ಪೇರು ಬರ್ದಿಲ್ಲ ಪಾಪಾ. ಮಾತು ತಪ್ಪಿಲ್ಲ" ಎಂದರು. ಕೆಮ್ಮು ಬಂತು, ಕಾದರು. "ಒಳಗೆ ಕಲ್ಲು ಸಿಡಿದ್ರೆ ಹೆಂಗಸ್ರೆಲ್ಲಾ ಟೈಮ್ ಆಫೀಸ್ ಮುಂದೆ ಓಡಿಹೋಗಿ ನಿಲ್ತಾರೆ. ಯಾವ ಬಿಲ್ಲೆ ವಾಪಸ್ ಬಂದಿಲ್ಲ ಅಂತ ಕೂಗ್ತಾರೆ. ನನ್ ಹೆಂಡ್ತಿ, ನನ್ ಪೇರು ಕೂಗಿದ್ರೆ ತಿರುಗಲ್ಲ, ನಂಬರು ಕೂಗಿದ್ರೆ ಬಿದ್ದೋಗ್ತಾಳೆ. ನಿಂಗೆ ಹೆಂಗೆ ಗೊತ್ತಾಗುತ್ತೆ? ನೀನು ಹೊಲದ ಕಡೆಯೋಳು."

ಆಫೀಸಿನಲ್ಲಿ ನಾನು ಏನು ಹೇಳಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸೆಲ್ವಿಯನ್ನು ಕೊನೆಯ ಸಲ ನೋಡಿದ್ದು ಮಾರ್ಚಿನಲ್ಲಿ, ಪರೀಕ್ಷೆಗೆ ಒಂದು ವಾರ ಇರುವಾಗ. ಶಾಲೆಯ ಆಫೀಸಿನಿಂದ ಟಿ.ಸಿ. ತೆಗೆದುಕೊಂಡು ಹೊರಗೆ ಬಂದಳು. ಮಾಮೂಲಿ ಲಂಗದಾವಣಿ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ನನ್ನನ್ನು ನೋಡಿ ನಿಂತಳು. ನಾನೇ ಹತ್ತಿರ ಹೋದೆ.

"ಅಪ್ಪ ಹೇಳಿದಾರೆ, ನಿನ್ನ ಬಯ್ಬಾರ್ದಂತೆ. ಅದಕ್ಕೆ ಬಯ್ಯಲ್ಲ" ಎಂದಳು.

"ಪರೀಕ್ಷೆ ಬರೆದು ಹೋಗಬಹುದಲ್ಲ ಸೆಲ್ವಿ?"

"ನಾಳೆ ಮನೆ ಬೀಗ ಕೊಡ್ಬೇಕು. ಎಲ್ಲಿದ್ದು ಬರೀಲಿ?"

ಅವಳು ಟಿ.ಸಿ.ಯನ್ನು ಸುರುಳಿ ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಸುತ್ತಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಒಂದ್ ಕೇಳ್ತೀನಿ. ಲೈನಲ್ಲಿ ಏನೇನೋ ಅಂತಾರೆ. ಆ ಡಾಕ್ಟ್ರು ಕರೆಸ್ದಾಗ ನೀನು, ಇದು ನಿಜ ಅಲ್ಲ, ನಾನೇ ಕಟ್ಟಿದ್ದು ಅಂತ ಹೇಳ್ದೆ ತಾನೇ? ಅವ್ರೇ ನಂಬ್ಲಿಲ್ಲ, ಅಲ್ವಾ?"

ಗಂಟೆ ಹೊಡೆಯಿತು. ಮಕ್ಕಳು ನಮ್ಮ ಎರಡೂ ಪಕ್ಕದಿಂದ ಓಡಿಹೋದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ" ಎಂದೆ. "ನಂಬಲಿಲ್ಲ."

ಅವಳು ಉಸಿರು ಬಿಟ್ಟಳು. ನನ್ನ ಕೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿದಳು. "ನಂಗೆ ಗೊತ್ತಿತ್ತು. ಅಮ್ಮನ ಹತ್ರ ಹೇಳ್ದೆ, ರತ್ನ ಹಂಗೆ ಮಾಡೋಳಲ್ಲ ಅಂತ. ಈಗ್ಲೇ ಹೋಗಿ ಹೇಳ್ತೀನಿ" ಎಂದಳು. ಮೆಟ್ಟಿಲಿಳಿದು, ಗೇಟು ದಾಟಿ, ಲೈನಿನ ಕಡೆಗೆ ಬೇಗಬೇಗ ನಡೆದುಹೋದಳು.